ಬೇಸ್ ಆಂಪಿನ ಹೊಸ ಬಟ್ಟೆ

ಮಂಗಳವಾರ, ಮಧ್ಯಾಹ್ನ
ಅಪ್ಪನ ಕುಶನ್ ಅಂಗಡಿ

ಮುನಿಸಿಕೊಂಡು ಹೋದ ಅಕ್ಕನಿಗೆ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಪತ್ರವನ್ನಾದರೂ ಹರಿದು ಬಿಸಾಡುವ ಮೊದಲು ಓದುತ್ತೀಯ ಎಂದು ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪು. ನೀನು ಬೇರೆ ಊರಿಗೆ ಹೋದ ಮಾರನೆಯ ದಿನದಿಂದಲೇ ನಿನ್ನ ಬೇಸ್ ಗಿಟಾರಿನ ಸ್ಪೀಕರ್ ಪೆಟ್ಟಿಗೆಗೆ, ಅದೇ ಆ ಆಂಪಿಗೆ, ನನ್ನ ಎಲೆಕ್ಟ್ರಿಕ್ ಗಿಟಾರ್ ಚುಚ್ಚಿ ನುಡಿಸಿದ್ದೇನೆ. ನಿನ್ನನ್ನು ಕೇಳದೆ, ಎರಡು ತಿಂಗಳು, ದಿನಾ, ಪಕ್ಕದ ಮನೆಯವರು ಗೋಡೆ ಗುದ್ದುವವರೆಗೆ. ಆದರೆ ಸ್ಪೀಕರ್ ಹರಿದವಳು ನಾನಲ್ಲ.

ಭಾನುವಾರ ನೀನು ಬಂದು ಬೇಸ್ ಚುಚ್ಚಿ ಒಂದೇ ತಂತಿ ಮೀಟಿದೆ. ಗರ್ರ್ ಎಂದ ಕೂಡಲೇ, "ಲೇ ಪಿರಿಪಿರಿ, ಹರಿದಿಟ್ಟಿದ್ದೀಯಲ್ಲೇ! ಕೆಳಗಡೆ ಎಡಕ್ಕೆ ಸೀಳಿಹೋಗಿದೆ. ನಮ್ಮ ಬ್ಯಾಂಡಲ್ಲಿ ನಿನಗೆ ಜಾಗ ಇಲ್ಲ, ಹೋಗು" ಎಂದೆ. ಬೇಸಿನ ದಪ್ಪ ತಂತಿಗಳ ಹೊಡೆತ ತಡೆಯುವ ಸ್ಪೀಕರ್ ಗಿಟಾರಿನ ಸಣ್ಣ ತಂತಿಗೆ ಹೇಗೆ ಹರಿಯುತ್ತದೆ ಎಂದು ಕೇಳಿದ್ದಕ್ಕೆ, "ಸ್ಕೂಲ್ ಬಿಟ್ಟವಳು ನನಗೆ ಪಾಠ ಹೇಳ್ಬೇಡ" ಎಂದು ಬೂಟು ಹಾಕಿಕೊಂಡು ಹೊರಟೇಬಿಟ್ಟೆ. ಸ್ಕೂಲು ಬಿಟ್ಟದ್ದು ನಿಜ. ಬಿಟ್ಟ ಮೇಲೆ ನಾನು ಆಸೆಪಟ್ಟದ್ದು ಆ ಬ್ಯಾಂಡಿನ ಜಾಗ ಒಂದಕ್ಕೇ ಎನ್ನುವುದೂ ನಿಜ.

ಆಮೇಲೆ ನೆನಪಾಯಿತು. ನಾನು ನುಡಿಸಿದ ಮೊದಲ ದಿನವೇ ಅದು ಗರ್ರ್ ಎಂದಿತ್ತು. ಬೇಸ್ ಆಂಪಿನಲ್ಲಿ ಗಿಟಾರ್ ಹೀಗೇ ಕೇಳಿಸುತ್ತದೇನೋ ಎಂದುಕೊಂಡು ಖುಷಿಪಟ್ಟಿದ್ದೆ.

ಆಂಪಿನ ಮುಂಭಾಗಕ್ಕೆ ಹೊದಿಸಿದ ಬಟ್ಟೆ ಬಿಚ್ಚಿ ಸ್ಪೀಕರ್ ನೋಡಿದೆ. ನೀನು ಹೇಳಿದ ಜಾಗದಲ್ಲೇ ಸೀಳಿತ್ತು. ಆದರೆ ಅದನ್ನು ಯಾರೋ ಹೊಲಿದಿದ್ದರು, ಸೋಫಾ ಹೊಲಿಯುವ ಮೇಣದ ದಾರದಲ್ಲಿ, ಮೂರು ಹೊಲಿಗೆಗೊಂದು ಗಂಟು ಹಾಕಿ. ಹಾಗೆ ಗಂಟು ಹಾಕುವವರು ನಮ್ಮಪ್ಪ ಒಬ್ಬರೇ. ಕಾಗದದಂಥ ಸ್ಪೀಕರಿಗೆ ದಬ್ಬಳ ಹಾಕುವ ಧೈರ್ಯವೂ ಅವರೊಬ್ಬರದೇ. ಬಟ್ಟೆಯೂ ಹೊಸದು. ಹಲ್ಲಿನ ಡಾಕ್ಟರ ಕುರ್ಚಿಗೆ ಹಾಕಿ ಉಳಿದ ಕಪ್ಪು ತುಂಡು.

ಅಪ್ಪನ ಮೇಲೇ ಅನುಮಾನ ಬಂತು. ನೀವೇ ಹರಿದು ಮುಚ್ಚಿಟ್ಟಿದ್ದೀರಾ ಎಂದು ನೇರವಾಗಿ ಕೇಳಿದೆ. "ಹರಿದದ್ದನ್ನ ಹೊಲಿಯೋದು ನನ್ನ ಕೆಲಸ ಕಣಮ್ಮ, ಹರಿದವರನ್ನ ಹಿಡಿಯೋದಲ್ಲ" ಎಂದು ನಾಲ್ಕು ಮೊಳೆ ಬಾಯಲ್ಲಿ ಕಚ್ಚಿಕೊಂಡರು. ಬಾಯಲ್ಲಿ ಮೊಳೆ ಇದ್ದರೆ ಅವರು ಮಾತಾಡುವುದಿಲ್ಲ, ನಿನಗೇ ಗೊತ್ತು.

ಅದಕ್ಕೇ ನಿನ್ನನ್ನು ಕೇಳುತ್ತೇನೆ, ಅಕ್ಕ. ಬಟ್ಟೆ ಮುಚ್ಚಿದ್ದಾಗಲೇ ಸೀಳು ಕೆಳಗಡೆ ಎಡಕ್ಕಿದೆ ಎಂದು ನಿನಗೆ ಹೇಗೆ ಗೊತ್ತಾಯಿತು? ಹರಿದಿದೆ ಎಂದು ಕಿವಿ ಹೇಳಬಹುದು. ಎಲ್ಲಿ ಎಂದು ಕಿವಿ ಹೇಳುವುದಿಲ್ಲ.

ಉತ್ತರಕ್ಕೆ ಕಾಯುತ್ತಿರುವ ನಿನ್ನ ತಂಗಿ,
ಪಿರಿಪಿರಿ

ಲಕೋಟೆ ಅಂಟಿಸುವ ಮೊದಲು: ಅಂಗಡಿಯ ಚಿಂದಿ ಚೀಲದಲ್ಲಿ ಆಂಪಿನ ಹಳೆಯ ಬಟ್ಟೆ ಈಗಷ್ಟೇ ಸಿಕ್ಕಿತು. ಅದೂ ಕೆಳಗಡೆ ಎಡಕ್ಕೇ ಹರಿದಿದೆ. ಹರಿದಲ್ಲಿ ನಿನ್ನ ಬೂಟಿನ ಮೂತಿಯ ಕೆಸರಿನ ಅಚ್ಚು ಒಣಗಿ ಕೂತಿದೆ. ಊರು ಬಿಡುವ ಹಿಂದಿನ ಸಂಜೆ ನೀನು ಬ್ಯಾಂಡಿನವರ ಜೊತೆ ಜಗಳವಾಡಿಕೊಂಡು ಬಂದು ಕೋಣೆಗೆ ಹೋದ ಕೂಡಲೇ ದಢಾರ್ ಎಂದು ಸದ್ದಾಗಿತ್ತು. ಅದು ಬಾಗಿಲಿನ ಸದ್ದು ಎಂದೇ ಇಷ್ಟು ದಿನ ತಿಳಿದಿದ್ದೆ. ನಿಮ್ಮ ಬ್ಯಾಂಡಿನ ಡ್ರಮ್ಮರ್ ಬಂದು ಹರಿದವರು ಯಾರು ಎಂದು ಕೇಳಿದರೆ ನನಗೆ ಸುಳ್ಳು ಹೇಳಲು ಬರುವುದಿಲ್ಲ. ಅದಕ್ಕೇ ಬಟ್ಟೆಯನ್ನು ಮಡಚಿ ಇದರಲ್ಲೇ ಇಟ್ಟಿದ್ದೇನೆ. ಬ್ಯಾಂಡಿನವರಿಗೆ ನೀನೇ ತೋರಿಸು.