ಗಣಿಯಿಂದ ಬರುವವನ ಅನ್ನ

ತೇಬೇಕ್,
ಜನವರಿ ೧೯

ಪ್ರೀತಿಯ ಅಕ್ಕನಿಗೆ ನಿನ್ನ ತಮ್ಮ ದೊಕ್‌ಬೇ ಮಾಡುವ ನಮಸ್ಕಾರಗಳು.

ಬೂಸಾನಿನಿಂದ ನೀನು ಕಳಿಸಿದ ಒಣಮೀನು ಬಂದು, ತಿಂದು, ಮುಗಿದೂ ಹೋಯಿತು. ಉತ್ತರ ಮಾತ್ರ ಈಗ ಬರೆಯುತ್ತಿದ್ದೇನೆ, ಬೈಯಬೇಡ. ಫೋನಿನಲ್ಲಿ ನಿನ್ನ ಕಿವಿಗೆ ಅರ್ಧ ಮಾತೂ ಬೀಳುವುದಿಲ್ಲ, ಇದು ಕೂಗಿ ಹೇಳುವ ವಿಷಯವೂ ಅಲ್ಲ. ಅಮ್ಮನನ್ನು ವೃದ್ಧಾಶ್ರಮಕ್ಕೆ ಸೇರಿಸೋಣ ಎಂದು ಬರೆದಿದ್ದೆಯಲ್ಲ, ಅದರ ಬಗ್ಗೆಯೇ ಈ ಕಾಗದ.

ಈ ಚಳಿಗಾಲಕ್ಕೆ ಅಮ್ಮನ ಕೋಣೆಯ ನೆಲ ಬಿಸಿ ಮಾಡಲು ಕರೆಂಟು ಹಾಕಿಸಿದೆ. ನೆಲದಡಿಯ ಒಲೆಗೆ ಕಲ್ಲಿದ್ದಲ ಬಿಲ್ಲೆ ಹೊತ್ತು ಹೊತ್ತು ನನ್ನ ಸೊಂಟ ಹಿಡಿದುಕೊಂಡಿತ್ತು. ಈಗ ನೆಲಹಾಸಿನ ಕೆಳಗೆ ತೆಳ್ಳನೆಯ ಕಪ್ಪು ಹಾಳೆ, ಗೋಡೆಯ ಮೇಲೊಂದು ಸ್ವಿಚ್ಚು, ಅಷ್ಟೆ. ಹಾಸಲು ಬಂದವನು ಹೊರಡುವಾಗ, "ಅಜ್ಜಿ, ದಪ್ಪ ರಜಾಯಿ ಮಡಚಿ ಒಂದೇ ಕಡೆ ಇಡ್ಬೇಡಿ. ಶಾಖ ಹೊರಗೆ ಹೋಗ್ದೆ ನೆಲ ಸುಟ್ಟೋಗುತ್ತೆ," ಅಂದ.

"ಶಾಖ ಹೊರಗೆ ಹೋಗ್ಲಿ ಅಂತ ಹಾಕ್ಸಿದ್ದಾ? ಹಾಗಾದ್ರೆ ಬೀದಿಗೇ ಹಾಸ್ಬಿಡಿ," ಅಂದಳು ಅಮ್ಮ. ನಾವೆಲ್ಲ ನಕ್ಕೆವು. ನಗಬಾರದಿತ್ತು.

ಮೊನ್ನೆ ಸಂಜೆ ಅಂಗಳದ ಹಿಮ ಗುಡಿಸುತ್ತಿದ್ದೆ. ಒಳಗಿನಿಂದ ಬೊಕ್‌ನಾಮ್, "ರೀ, ಅತ್ತೆ ಕೋಣೇಲಿ ಹೊಗೆ, ಬೇಗ ಬನ್ನಿ," ಎಂದು ಕಿರುಚಿಕೊಂಡಳು. ಬೂಟು ಹಾಕಿಕೊಂಡೇ ಒಳಗೆ ನುಗ್ಗಿದೆ. ಅಮ್ಮ ಮಡಚಿದ ರಜಾಯಿಯ ಪಕ್ಕದಲ್ಲಿ, ಅದರಡಿಗೆ ಒಂದು ಕೈ ತೂರಿಸಿಕೊಂಡು ಸುಮ್ಮನೆ ಕೂತಿದ್ದಳು. ರಜಾಯಿ ಎಳೆದು ಬಿಸಾಕಿದೆ. ನೆಲ ಬಾಣಲೆಯ ತಳದ ಹಾಗೆ ಕಪ್ಪಾಗಿತ್ತು. ನಡುವೆ ಮುಚ್ಚಳ ಹಾಕಿದ ಹಿತ್ತಾಳೆ ಬಟ್ಟಲು, ಅದರ ತುಂಬ ಅನ್ನ. ತಡವಾಗಿ ಬರುವವರಿಗೆ ಬಿಸಿಯಾಗಿರಲಿ ಎಂದು ಆಗೆಲ್ಲ ಇಡುತ್ತಿದ್ದಳಲ್ಲ, ಹಾಗೆಯೇ. ಅಮ್ಮನ ಅಂಗೈ ತುಂಬ ಬೊಬ್ಬೆ ಎದ್ದಿತ್ತು ಅಕ್ಕ, ಮುಖದಲ್ಲಿ ಮಾತ್ರ ನೋವಿನ ಸುಳಿವೇ ಇರಲಿಲ್ಲ.

"ಬಟ್ಟಲು ತೆಗೀಬೇಡಿ, ಅನ್ನ ಆರೋಗುತ್ತೆ," ಅಂದಳು.

"ಯಾರಿಗಮ್ಮಾ ಇದು?"

"ಗಣಿಯಿಂದ ಬರೋನಿಗೆ."

ಅಪ್ಪ, ಆಮೇಲೆ ನಾನು ದುಡಿದ ಆ ಗಣಿ ಮುಚ್ಚಿ ಕಾಲವಾಯಿತು. ಅಪ್ಪ ಹೋಗಿ ಅದಕ್ಕಿಂತ ಹೆಚ್ಚು ಕಾಲವಾಯಿತು. ಬೊಕ್‌ನಾಮ್ ಅಲ್ಲೇ ಕೂತು ಅತ್ತಳು. "ನಿಮ್ಮಕ್ಕ ಹೇಳಿದ್ದೇ ಸರಿ. ನಾನೊಬ್ಳು ಎಷ್ಟೂಂತ ಕಾಯ್ಲಿ?" ಅಂದಳು. ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ಇನ್ನೊಂದು ಗಳಿಗೆ ತಡವಾಗಿದ್ದರೆ ಏನಾಗುತ್ತಿತ್ತೋ. ಆದರೂ ಅಮ್ಮನನ್ನು ಕಳಿಸುವುದಿಲ್ಲ. ನೀನು ಸಿಟ್ಟಾದರೂ ಸರಿ.

ಭಾವನಿಗೆ ನಮಸ್ಕಾರ, ಮೊಮ್ಮಕ್ಕಳಿಗೆ ಆಶೀರ್ವಾದ. ಎಲ್ಲರೂ ಚೆನ್ನಾಗಿರಿ. ಚಾಂದ್ರಮಾನದ ಹೊಸ ವರ್ಷದ ಹಬ್ಬಕ್ಕೆ ಒಮ್ಮೆ ಬಂದು ಅಮ್ಮನನ್ನು ನೋಡಿ ಹೋಗು.

ನಿನ್ನ ತಮ್ಮ,
ದೊಕ್‌ಬೇ

ಮ.ವಿ.: ಯಾಕೆ ಕಳಿಸುವುದಿಲ್ಲ ಎಂದು ಬರೆಯದೆಯೇ ಲಕೋಟೆ ಅಂಟಿಸಲು ಹೊರಟಿದ್ದೆ, ಮನಸ್ಸು ತಡೆಯಲಿಲ್ಲ. ಆ ಅನ್ನ ಅಪ್ಪನಿಗಲ್ಲ. ಅಂಗೈಗೆ ಮುಲಾಮು ಹಚ್ಚುತ್ತಿದ್ದಾಗ ಅಮ್ಮ ನನ್ನ ಮುಖ ನೋಡಿ, "ನಿಮ್ಮಿಂದ ತುಂಬಾ ಉಪಕಾರ ಆಯ್ತಪ್ಪಾ. ನಮ್ ದೊಕ್‌ಬೇ ಇನ್ನೂ ಗಣಿಯಿಂದ ಬಂದಿಲ್ಲ," ಅಂದಳು. ಹೆತ್ತವಳು ನನಗೆ 'ನೀವು' ಅಂದಳು ಅಕ್ಕ. ನಾನೇ ದೊಕ್‌ಬೇ ಎನ್ನಲು ಬಾಯಿ ಬರಲಿಲ್ಲ. ಬೇರೆ ಕಡೆ ಹೋಗಿ ಇರ್ತೀರಾ ಎಂದು ಪರಕೀಯನ ಹಾಗೆ ಕೇಳಿದೆ.

"ನಾನು ಹೋಗ್ಬಿಟ್ರೆ, ಅವ್ನು ಹಸ್ಕೊಂಡು ಬಂದಾಗ ಮನೇಲಿ ಯಾರಿರ್ತಾರೆ?" ಅಂದಳು.