ಆ ಊರಲ್ಲಿ ಸೈಕಲ್ಲೇ ಇಲ್ಲ

...ಹಾಂ, ತಪ್ಪು ತಿಳ್ಕೋಬೇಡ ಕಣೋ, ಮತ್ತೆ ಮೊದಲಿಂದಲೇ ಶುರು ಮಾಡ್ತಿದೀನಿ. ಇದು ಮೂರನೇ ಸಲ. ಮೊದಲನೇದು ಮೊನ್ನೆ ಕನ್ನಡಕದ ಅಂಗಡೀಲಿ ಮಾಡಿದ್ದು, ಅದರಲ್ಲಿ ಲೆನ್ಸ್ ಉಜ್ಜೋ ಮಷೀನಿನ ಸದ್ದು ಬಿಟ್ರೆ ಬೇರೇನೂ ಕೇಳಿಸ್ಲಿಲ್ಲ, ಎರಡನೇದನ್ನ ಕಳಿಸೋಕೆ ಹೋಗಿ ಅಳಿಸಿಬಿಟ್ಟೆ. ಒಳ್ಳೇದೇ ಆಯ್ತು, ಅದರಲ್ಲಿ ಬೈಗುಳ ಜಾಸ್ತಿ ಇತ್ತು. ಇದರಲ್ಲೂ ಕಮ್ಮಿ ಇರುತ್ತೆ ಅಂದ್ಕೋಬೇಡ. ಇವತ್ತು ಗುರುವಾರ, ಅಂಗಡಿಗೆ ರಜೆ, ಸಂಜೆ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ನಮ್ಮನೆ ಮಹಡಿ ಮೆಟ್ಟಿಲ ಮೇಲೆ, ಯಾರ ಕಿವಿಗೂ ಬೀಳದ ಜಾಗದಲ್ಲಿ ಕೂತಿದೀನಿ. ಪ್ರೀತಿಯ ಚಿಕ್ಕೋನೇ! ನಲವತ್ತಾರು ತುಂಬಿದ್ರೂ ಈ ಮನೇಲಿ ನೀನು ಚಿಕ್ಕೋನೇ ತಾನೇ. ಹೇಗಿದ್ದೀಯ? ಸೊಂಟ ನೋವು ಹೇಗಿದೆ? ಹಡಗು ಅಲ್ಲಾಡ್ತಾ ಇದ್ರೆ ಅಷ್ಟು ದೊಡ್ಡ ಪಾತ್ರೆ ಎತ್ತಬೇಡ, ಸಹಾಯಕ್ಕೆ ಇನ್ನೊಬ್ಬ ಅಡುಗೆಯವನು ಇದಾನಲ್ಲ, ಅವನಿಗೆ ಹೇಳು. ಕೈ ಸುಟ್ಟುಕೊಂಡಿದ್ದೆಯಲ್ಲ, ವಾಸಿ ಆಯ್ತಾ? ಆಯ್ತು, ಕ್ಷೇಮ ಸಮಾಚಾರ ಮುಗೀತು. ಇನ್ನು ಬೈತೀನಿ, ಕೂತ್ಕೊಂಡು ಕೇಳು. ನಾಳೆ ಬಂದರಿಗೆ ಬಂದು ಫೋನಿಗೆ ಸಿಗ್ನಲ್ ಸಿಕ್ಕಿದ ತಕ್ಷಣ ಮೊದಲು ಇದನ್ನೇ ಕೇಳು. ಅಪ್ಪನಿಗೆ ಫೋನ್ ಮಾಡೋ ಮುಂಚೆ.

ಕಳೆದ ವಾರ ಅಪ್ಪನಿಗೆ ನೀನು ಕಳಿಸಿದ ಮೆಸೇಜು ನಾನೂ ಕೇಳಿದೆ. ನಾನೊಬ್ಬನೇ ಏನು, ಬೀದಿಯವರೆಲ್ಲ ಕೇಳಿದಾರೆ, ಅಪ್ಪ ಅದನ್ನ ಜೋರಾಗಿ ಹಾಕಿ ಹಾಕಿ ಕೇಳಿಸಿದ. "ಅಪ್ಪಾ, ತೊಂಬತ್ತೆಂಟಾ! ಭಾನುವಾರ ಸ್ಟೇಷನ್ನಿಗೆ ನೀವೇ ಕಾರು ತಗೊಂಡು ಬನ್ನಿ, ನಿಮ್ಮ ಪಕ್ಕದಲ್ಲಿ ಕೂತು ಮನೆಗೆ ಬರ್ತೀನಿ." ಎಷ್ಟು ಸಲೀಸಾಗಿ ಹೇಳಿಬಿಟ್ಟೆಯಪ್ಪಾ. ಅವತ್ತಿಂದ ಅಪ್ಪ ಗಡ್ಡ ಬೋಳಿಸ್ಕೊಂಡು, ಕಾರಿನ ಗಾಜು ಒರೆಸ್ಕೊಂಡು, ದಿನಕ್ಕೆ ನಾಲ್ಕು ಸಲ ನನ್ನ ಹತ್ರ ಕೀ ಕೇಳ್ತಿದಾನೆ. ಕೀ ಕಳೆದುಹೋಗಿದೆ ಅಂತ ವರ್ಷದಿಂದ ಸುಳ್ಳು ಹೇಳ್ಕೊಂಡು ಬಂದಿದೀನಿ. ಅದು ಎಲ್ಲಿದೆ ಗೊತ್ತಾ? ಅಂಗಡಿಯ ಹಿಂದಿನ ಕೋಣೇಲಿ, ಪ್ಲಸ್ ಆರು ನಂಬರಿನ ಲೆನ್ಸ್ ಡಬ್ಬೀಲಿ. ಅಷ್ಟು ದಪ್ಪ ಗಾಜು ಕೇಳೋರು ವರ್ಷಕ್ಕೆ ಒಬ್ರೋ ಇಬ್ರೋ, ಹಾಗಾಗಿ ಆ ಡಬ್ಬಿಗೆ ನಾನು ಬಿಟ್ಟು ಇನ್ಯಾರೂ ಕೈ ಹಾಕಲ್ಲ.

ಎಲ್ಲದಕ್ಕೂ ಮೂಲ ನೀನು ಕಳಿಸಿದ ಆ ಪಾರ್ಸಲ್ಲು. ಸ್ಟೇರಿಂಗು, ಕಾಲಿಗೆ ಬ್ರೇಕು, ಟಿವಿಗೆ ಹಾಕೋ ಬಸ್ಸಿನ ಆಟ. ಎಂಟು ತಿಂಗಳಾಯ್ತು. ಮೂವತ್ತು ವರ್ಷ ಬಸ್ಸು ಓಡಿಸಿದ ಮನುಷ್ಯನಿಗೆ ಆಟದ ಬಸ್ಸು ಕೊಟ್ಟು ಸುಮ್ಮನೆ ಕೂರಿಸಬಹುದು ಅಂದ್ಕೊಂಡೆ ನೀನು. ಅವನೆಲ್ಲಿ ಸುಮ್ಮನೆ ಕೂರ್ತಾನೆ? ಆರು ಗಂಟೆಗೆ ಸರಿಯಾಗಿ ಶೂ ಹಾಕ್ಕೊಂಡು ಬರ್ತಾನೆ. ನಡುಮನೇಲಿ, ಶೂ! ನಾನೋ ನಿಮ್ಮತ್ತಿಗೆಯೋ ಹಾಕಿದ್ರೆ ಬಿಡ್ತಿದ್ನಾ? ಸ್ಟಾಪಿಗೆ ಒಂದು ನಿಮಿಷ ಮುಂಚೆ ತಲುಪಿದ್ರೆ ಒಂದು ನಿಮಿಷ ನಿಲ್ಲಿಸ್ತಾನೆ, ಟಿವಿ ಮುಂದೆ ಬೇರೆ ಯಾರೇ ಕಾಯ್ತಿದ್ರೂ ಕೇರ್ ಮಾಡಲ್ಲ. ಕೊನೇಲಿ ಬಣ್ಣಬಣ್ಣದ ಪಟಾಕಿ ಸಿಡಿದು ನೂರಕ್ಕೆ ತೊಂಬತ್ತೆಂಟು, "ಉತ್ತಮ ಚಾಲಕ" ಅಂತ ಬರುತ್ತೆ. ಆ ಟಿವಿಯ ಫೋಟೋ ತೆಗೆಸಿ ಫೋನಲ್ಲಿ ಇಟ್ಕೊಂಡಿದಾನೆ, ಕಣ್ಣಿನ ಡಾಕ್ಟರಿಗೂ ತೋರಿಸಿದ. ಆ ಪುಣ್ಯಾತ್ಮ ಏನು ಹೇಳ್ಬೇಕೋ ತಿಳೀದೆ "ತುಂಬಾ ಸಂತೋಷ" ಅಂದ್ರು. ಮನೆಗೆ ಬರೋಷ್ಟರಲ್ಲಿ ಅದು "ಡಾಕ್ಟರೇ ಒಪ್ಪಿಕೊಂಡ್ರು" ಅಂತ ಆಗಿತ್ತು.

ಈ ಆಟಗಳನ್ನ ಕಂಡ್ರೇ ನನಗೆ ಮೈ ಉರಿಯುತ್ತೆ ಕಣೋ, ನೀನು ನಕ್ಕರೂ ಸರಿ. ಯಾರನ್ನ ನೋಡಿದ್ರೂ ತಲೆ ತಗ್ಗಿಸ್ಕೊಂಡು ಅದರಲ್ಲೇ. ನಿಮ್ಮತ್ತಿಗೆ ಆರು ವರ್ಷದಿಂದ ಹಣ್ಣು ಒಡೀತಿದಾಳೆ, ಮೂರು ಒಂದೇ ಬಣ್ಣದ್ದು ಸೇರಿದ್ರೆ ಫಟ್ ಅನ್ನುತ್ತಲ್ಲ, ಅದು. ನಾಲ್ಕು ಸಾವಿರದ ಇನ್ನೂರನೇ ಹಂತದಲ್ಲಿದೀನಿ ಅಂತಾಳೆ. ಇಷ್ಟು ಹಣ್ಣು ಒಡೆದ್ರೂ ನನ್ನ ತಟ್ಟೆಗೆ ಒಂದು ಹೋಳು ಬೀಳ್ಲಿಲ್ಲ ಅಂದಿದ್ದಕ್ಕೆ ಎರಡು ದಿನ ಮಾತು ಬಿಟ್ಳು. ಮಗಳು ಕಿವಿಗೆ ಅದೇನೋ ಸಿಕ್ಕಿಸ್ಕೊಂಡು ಗುಂಡು ಹಾರಿಸೋ ಆಟ ಆಡ್ತಾಳೆ. ಮೊನ್ನೆ "ಹಿಂದೆ ಇದಾನೆ, ಹಿಂದೆ ಇದಾನೆ, ಹೊಡಿ ಅವನ್ನ" ಅಂತ ಕಿರುಚಿದ್ಳು ನೋಡು, ಅವಳ ಹಿಂದೆ ಹಾಲಿನ ಲೋಟ ಹಿಡ್ಕೊಂಡು ನಿಂತಿದ್ದೋನು ನಾನೇ. ಲೋಟ ಹೋಯ್ತು. ಅಂಗಡಿ ಕೌಂಟರಿನಲ್ಲಿ ಒಬ್ಬ ಹುಡುಗಿ ಇದಾಳೆ, ಅವಳದ್ದು ಗೋಡೆ ತೊಳೆಯೋ ಆಟ. ನಿಜ ಕಣೋ, ಹಾಗೂ ಒಂದು ಆಟ ಇದೆ! ಪೈಪಿನಲ್ಲಿ ನೀರು ಬಿಟ್ಟು ಯಾರದೋ ಮನೆ ಗೋಡೆಯ ಪಾಚಿ ತೊಳೀತಾಳೆ, ಎರಡೆರಡು ಗಂಟೆ. ಕೌಂಟರಿನ ಗಾಜಿನ ಮೇಲೆ ಗಿರಾಕಿಗಳ ಬೆರಳಚ್ಚು ಹಾಗೇ ಇರುತ್ತೆ, ಒರೆಸಮ್ಮಾ ಅಂದ್ರೆ ಕೈ ನೋವು ಅಂತಾಳೆ. ನಮ್ಮ ಅಂಗಡಿ ಯಜಮಾನ್ರು ಯಾವುದೋ ದೇಶದ ಯಾರ ಜೊತೆಗೋ ಫೋನಲ್ಲಿ ಚೆಸ್ ಆಡಿ ಮೂರು ನಿಮಿಷಕ್ಕೆ ಸೋತು, ಆ ಸಿಟ್ಟನ್ನ ಕನ್ನಡಕಕ್ಕೆ ಬಂದ ಮುದುಕರ ಮೇಲೆ ತೀರಿಸ್ಕೋತಾರೆ. ಎಲ್ಲರೂ ಎಲ್ಲೋ ಗೆಲ್ತಿರ್ತಾರೆ ಇಲ್ಲಾ ಸೋಲ್ತಿರ್ತಾರೆ, ಎದುರಿಗೆ ಇರೋನು ಮಾತ್ರ ಯಾರಿಗೂ ಕಾಣಲ್ಲ.

ನಾನೂ ಒಂದು ದಿನ ಕದ್ದು ಅಪ್ಪನ ಬಸ್ಸು ಓಡಿಸಿ ನೋಡಿದೆ, ಯಾರಿಗೂ ಹೇಳಬೇಡ. ನಲವತ್ತೊಂದು ಬಂತು. ದಿನಾ ಈ ಟ್ರಾಫಿಕ್ಕಿನಲ್ಲಿ ಬೈಕು ಓಡಿಸೋ ನನಗೆ ನಲವತ್ತೊಂದು, ಕಂಬಕ್ಕೆ ಗುದ್ದಿದ್ದಕ್ಕೆ ಐದು ಮಾರ್ಕು ಕಟ್. ಆದ್ರೆ ಓಡಿಸ್ತಾ ಓಡಿಸ್ತಾ ಒಂದು ವಿಷಯ ಗಮನಿಸಿದೆ. ಆ ಊರಲ್ಲಿ ಸೈಕಲ್ಲೇ ಇಲ್ಲ ಕಣೋ. ಸಂದಿಯಿಂದ ನಾಯಿ ಬರಲ್ಲ, ಚೆಂಡಿನ ಹಿಂದೆ ಮಕ್ಕಳು ಓಡಿ ಬರಲ್ಲ. ಜನ ಎಲ್ಲ ಬಿಳಿ ಪಟ್ಟೆ ಮೇಲೆ ಮಾತ್ರ ದಾಟ್ತಾರೆ, ಅದೂ ದೂರದಿಂದಲೇ ಎದುರಿಗೆ ಕಾಣ್ತಾರೆ. ಬರೋದೆಲ್ಲ ಮುಂದಿಂದಲೇ ಬರುತ್ತೆ, ಹಿಂದಿಂದ ಬರೋ ಗಾಡಿ ಕೂಡ ಟಿವಿ ಮೂಲೆಯ ಕನ್ನಡೀಲೇ ಕಾಣುತ್ತೆ. ಆ ರಸ್ತೆಗೆ ಪಕ್ಕ ಅನ್ನೋದೇ ಇಲ್ಲ.

ಅಪ್ಪನ ಕಣ್ಣಿಗೂ ಪಕ್ಕ ಇಲ್ಲ. ಅದು ನಿನಗೆ ಗೊತ್ತಿರೋದೇ. ಗೊತ್ತಿದ್ದೂ ಗೊತ್ತಿಲ್ಲದೋನ ಹಾಗೆ ಇರ್ತೀಯ, ನನ್ನ ಸಿಟ್ಟೆಲ್ಲ ಅದಕ್ಕೇ. ಕಣ್ಣೊಳಗೆ ಒತ್ತಡ ಜಾಸ್ತಿ ಆಗಿ ಸುತ್ತಲ ನೋಟ ಹೋಗಿದೆ, ನೇರ ನೋಟ ಚೆನ್ನಾಗಿದೆ, ಹೋಗಿದ್ದು ವಾಪಸ್ ಬರಲ್ಲ ಅಂತ ಡಾಕ್ಟರು ಮೂರು ವರ್ಷದ ಹಿಂದೆ ಹೇಳಿದಾಗ ನೀನೂ ಪಕ್ಕದಲ್ಲೇ ಕೂತಿದ್ದೆ. ಹೋದ ವರ್ಷ ನಮ್ಮ ಗಲ್ಲಿ ತಿರುವಿನಲ್ಲಿ ಆ ಹೆಂಗಸಿನ ಸೈಕಲ್ಲಿಗೆ ಕಾರಿನ ಎಡಗಡೆ ಕನ್ನಡಿ ತಾಗಿದಾಗ ನೀನು ಹಡಗಲ್ಲಿದ್ದೆ, ನಾನು ಗೇಟಿನ ಹತ್ರ ನಿಂತು ನೋಡ್ತಿದ್ದೆ, ಓಡಿಹೋದೆ. ಸೈಕಲ್ಲಿನ ಹಿಂದುಗಡೆ ಸೀಟಿನಲ್ಲಿ ಅವಳ ಮಗು ಇತ್ತು. ಇಬ್ಬರಿಗೂ ಮಂಡಿ ತರಚಿತು ಅಷ್ಟೇ, ಆದ್ರೆ ಆ ಮಗು ಅಳಲಿಲ್ಲ ಕಣೋ, ಸುಮ್ನೆ ನನ್ನನ್ನೇ ನೋಡ್ತಿತ್ತು. ಅಪ್ಪ ಕಾರಿನಿಂದ ಇಳಿದು ಒಂದೇ ಮಾತು, "ಎಲ್ಲಿಂದ ಬಂದ್ಳೋ ಇವಳು, ಎಲ್ಲಿಂದ ಬಂದ್ಳು?" ಅವಳು ಎಲ್ಲಿಂದಲೂ ಬಂದಿರಲಿಲ್ಲ, ಗಲ್ಲಿ ಉದ್ದಕ್ಕೂ ಅವನ ಪಕ್ಕದಲ್ಲೇ ಬರ್ತಿದ್ಳು. ಅವತ್ತೇ ನಾನು ಕೀ ಬಚ್ಚಿಟ್ಟಿದ್ದು. ನಾನು ಕೆಟ್ಟೋನಾದೆ, ನೀನು ಸ್ಟೇರಿಂಗ್ ಕಳಿಸಿ ಒಳ್ಳೇ ಮಗನಾದೆ. ಊರು ಬಿಟ್ಟು ಇರೋರಿಗೆ ಒಳ್ಳೇತನ ಎಷ್ಟು ಸುಲಭ ನೋಡು, ಪಾರ್ಸಲ್ ಮಾಡಿದ್ರೆ ಸಾಕು.

ಈಗ ಇನ್ನೊಂದು ಹೇಳ್ತೀನಿ, ಇದು ಬೈಗುಳ ಅಲ್ಲ. ಪಾರ್ಸಲ್ಲು ಬಂದಾಗ ಅಪ್ಪನ ಕುರ್ಚಿ ಟಿವಿಯಿಂದ ನಾಲ್ಕು ಟೈಲ್ಸ್ ದೂರ ಇತ್ತು. ಸ್ಟೇರಿಂಗ್ ಕಟ್ಟಿರೋ ಪುಟ್ಟ ಮೇಜು ಅದರ ಮುಂದೆ. ಎರಡು ತಿಂಗಳಾದ್ಮೇಲೆ ಐದು ಟೈಲ್ಸ್ ಆಯ್ತು. ಯಾಕಪ್ಪಾ ಅಂದ್ರೆ ಟಿವಿ ಬೆಳಕು ಚುಚ್ಚುತ್ತೆ ಅಂದ. ಆಮೇಲೆ ಆರು. ನೆಲದ ಮೇಲೆ ಮೇಜಿನ ಕಾಲು ಎಳೆದ ಗೀರು ಒಂದಾದ್ಮೇಲೆ ಒಂದು ಹಾಗೇ ಇದೆ, ನಿಮ್ಮತ್ತಿಗೆ ದಿನಾ ಗೊಣಗ್ತಾಳೆ. ನಾನು ಕನ್ನಡಕದ ನಂಬರ್ ಬದಲಾಗಿರಬೇಕು ಅಂತ ಅಂಗಡಿಗೆ ತಗೊಂಡು ಹೋಗಿ ನೋಡಿಸಿದೆ, ನಂಬರ್ ಸರಿಯಾಗೇ ಇತ್ತು. ನಾನೇ ಗಾಜು ಕೊರೆದು ಕೂರಿಸಿದ ಕನ್ನಡಕ ಅದು. ಆಮೇಲೆ ಹೊಳೀತು. ಒಂದು ಪೇಪರ್ ಸುರುಳಿ ಸುತ್ತಿ ಕಣ್ಣಿಗಿಟ್ಟು ನೋಡು. ಟಿವಿ ಹತ್ರ ಇದ್ರೆ ಮಧ್ಯದ ಭಾಗ ಮಾತ್ರ ಕಾಣುತ್ತೆ, ಮೂಲೆಗಳು ಕಾಣಲ್ಲ. ಹಿಂದಕ್ಕೆ ಹೋದ್ರೆ ಪೂರ್ತಿ ಟಿವಿ ಆ ಸುರುಳಿಯೊಳಗೆ ಹಿಡಿಸುತ್ತೆ. ಅಪ್ಪನ ಸುರುಳಿ ಸಣ್ಣ ಆಗ್ತಾ ಬರ್ತಿದೆ, ಅದಕ್ಕೇ ಕುರ್ಚಿ ಹಿಂದಕ್ಕೆ ಹೋಗ್ತಿದೆ. ಮೂವತ್ತು ವರ್ಷದಿಂದ ಕನ್ನಡಕದ ಕೆಲಸ ಮಾಡೋ ನನಗೆ, ನೆಲದ ಗೀರು ನೋಡಿ ತಿಳ್ಕೊಳ್ಳೋಕೆ ಎಂಟು ತಿಂಗಳು ಬೇಕಾಯ್ತು.

ನಿನ್ನೆ ಕುರ್ಚಿ ಹೋಗಿ ಗೋಡೆಗೆ ತಾಗಿದೆ. ಏಳೂವರೆ ಟೈಲ್ಸ್. ಇನ್ನು ಹಿಂದಕ್ಕೆ ಜಾಗ ಇಲ್ಲ. ನಾನು ಪಕ್ಕದಲ್ಲಿ ಕೂತು ಶೂ ಪಾಲಿಶ್ ಮಾಡ್ತಿದ್ದೆ, ಅಪ್ಪ ಮೂರನೇ ಸ್ಟಾಪಿನಿಂದ ಬಸ್ಸು ಹೊರಡಿಸ್ಬೇಕು, ಆ ಆಟದಲ್ಲಿ ಬಸ್ಸು ಓಡೋದು ರಸ್ತೆಯ ಬಲಗಡೆ, ಹಾಗಾಗಿ ಹೊರಡೋವಾಗ ಎಡಗಡೆ ನೋಡ್ಬೇಕು, ಟಿವಿ ಎಡಮೂಲೇಲಿ ಕನ್ನಡಿ ತೋರಿಸ್ತಾರಲ್ಲ, ಅದು ಅವನಿಗೆ ಕಾಣ್ಲಿಲ್ಲ. ತಲೆ ತಿರುಗಿಸ್ಲಿಲ್ಲ, ನನ್ನ ಕಡೆ ನೋಡ್ಲೂ ಇಲ್ಲ. ಮೆಲ್ಲಗೆ "ಎಡಗಡೆ ಖಾಲಿನಾ?" ಅಂದ. ಎಂಟು ತಿಂಗಳಲ್ಲಿ ಒಂದು ಸಲವೂ ಕೇಳಿದೋನಲ್ಲ. ನಾನು ಬ್ರಷ್ ಹಿಡ್ಕೊಂಡೇ "ಖಾಲಿ" ಅಂದೆ. ಬಸ್ಸು ತಿರುಗಿಸಿದ. ಆ ಟ್ರಿಪ್ ಮುಗಿಯೋಷ್ಟರಲ್ಲಿ ಹದಿಮೂರು ಸಲ ಕೇಳಿದ, ಹದಿಮೂರು ಸಲ ಹೇಳಿದೆ. ಕೊನೇಲಿ ಪಟಾಕಿ ಸಿಡೀತು. ದಿನಾ "ನಂದು ತೊಂಬತ್ತೆಂಟು" ಅನ್ನೋನು ನಿನ್ನೆ "ನಮ್ದು ತೊಂಬತ್ತೆಂಟು" ಅಂದ. ಅವನಿಗೆ ಗೊತ್ತು ಕಣೋ. ಎಲ್ಲ ಗೊತ್ತು. ನಮ್ಮ ಬಾಯಿಂದ ಕೇಳಿಸ್ಕೊಳ್ಳೋದು ಬೇಡ ಅಷ್ಟೇ.

ಸಾಕು, ಗಂಟಲು ಒಣಗಿತು. ಇಷ್ಟು ಬೈದ್ಮೇಲೂ ನಿನಗೆ ಒಳ್ಳೇದೇ ಆಗ್ಲಿ ಅಂತೀನಿ, ಅಣ್ಣನಾಗಿ ಹುಟ್ಟಿದ ತಪ್ಪಿಗೆ. ಊಟ ಹೊತ್ತಿಗೆ ಸರಿಯಾಗಿ ಮಾಡು, ಬೇರೆಯವರಿಗೆ ಬಡಿಸಿ ನೀನು ನಿಂತ್ಕೊಂಡೇ ತಿನ್ನೋ ಚಾಳಿ ಬಿಡು. ನಿಮ್ಮತ್ತಿಗೆ ನಿನ್ನ ಕೇಳಿದೆ ಅಂತ ಹೇಳು ಅಂದ್ಳು, ತಲೆ ಎತ್ತದೆ. ಮಗಳು ಚಿಕ್ಕಪ್ಪಂಗೆ ಒಂದು ಹಾಯ್ ಹೇಳು ಅಂತ ಕೂಗಿದ್ಳು, ಅದು ನಿನಗಾ ಅಥವಾ ಕಿವಿಯಲ್ಲಿದ್ದೋನ ಚಿಕ್ಕಪ್ಪನಿಗಾ ಗೊತ್ತಿಲ್ಲ. ಇಷ್ಟೇ. ನಿನ್ನ ಮೇಲೆ ಸಿಟ್ಟಾಗಿರೋ ನಿನ್ನ ಅಣ್ಣ.

ಏ ಇರು ಇರು, ಇದು ಇನ್ನೊಂದು ಮೆಸೇಜು, ಮುಖ್ಯವಾದದ್ದು ಬಿಟ್ಟೇಹೋಯ್ತು. ಬಿಟ್ಟುಹೋಗಿದ್ದಲ್ಲ, ಬಿಟ್ಟಿದ್ದೆ. ಎರಡು ವರ್ಷದ ಹಿಂದೆ ಅಪ್ಪನ ಲೈಸೆನ್ಸ್ ಮತ್ತೆ ಮಾಡಿಸ್ದಾಗ, ಕಣ್ಣಿನ ಫಾರಂ ನಮ್ಮ ಅಂಗಡೀಲೇ ತುಂಬಿದ್ದು. ದೂರದ ನೋಟ ಯಜಮಾನ್ರೇ ಪರೀಕ್ಷೆ ಮಾಡಿದ್ರು, ಚೆನ್ನಾಗಿತ್ತು. ಅಷ್ಟರಲ್ಲಿ ಗಿರಾಕಿ ಬಂದ್ರು, ಉಳಿದದ್ದು ನೀನೇ ತುಂಬಿ ಸೀಲ್ ಒತ್ತು ಅಂತ ನನ್ನ ಕೈಗೆ ಕೊಟ್ಟು ಹೋದ್ರು. ಅದರಲ್ಲಿ "ಪಕ್ಕದ ನೋಟ" ಅಂತ ಒಂದು ಚೌಕ ಇತ್ತು. ಅಪ್ಪ ಎದುರಿಗೆ ನಿಂತು ನನ್ನನ್ನೇ ನೋಡ್ತಿದ್ದ. ನಾನು ಸರಿಯಿದೆ ಅಂತ ಟಿಕ್ ಹಾಕ್ದೆ. ಆ ಹೆಂಗಸಿನ ಮಂಡಿ, ಆ ಮಗುವಿನ ಮಂಡಿ, ಎರಡೂ ಆ ಟಿಕ್ಕಿಗೆ ಸೇರಿದ್ದು ಕಣೋ. ಇಷ್ಟು ಹೊತ್ತು ನಿನ್ನ ಬೈದಿದ್ರಲ್ಲಿ ಅರ್ಧ ನನಗೇ ಬೈಕೊಂಡಿದ್ದು ಅಂತ ಇಟ್ಕೋ. ಇವತ್ತು ಟ್ರಿಪ್ ಮುಗಿದ್ಮೇಲೆ ಅಪ್ಪನಿಗೆ ಎಲ್ಲ ಹೇಳ್ತೀನಿ. ಕೀ ಎಲ್ಲಿದೆ ಅಂತಾನೂ ಹೇಳ್ತೀನಿ, ಕೊಡಲ್ಲ ಅಂತಾನೂ ಹೇಳ್ತೀನಿ. ಆ ಫಾರಂ ಸುಳ್ಳು ಅಂತ ಬರೆದು ಸೋಮವಾರ ಲೈಸೆನ್ಸ್ ಆಫೀಸಿಗೆ ಕೊಟ್ಟು ಬರ್ತೀನಿ, ಯಜಮಾನ್ರು ಏನಾದ್ರೂ ಅಂದ್ಕೊಳ್ಳಲಿ, ಕೆಲಸ ಹೋದ್ರೂ ಹೋಗ್ಲಿ. ನಾಳೆ ಅಪ್ಪ ನಿನಗೆ ಫೋನ್ ಮಾಡಿ ನನ್ನ ಮೇಲೆ ಕೂಗಾಡ್ತಾನೆ. ಒಂದೇ ಒಂದು ಸಲ, ಜೀವಮಾನದಲ್ಲಿ ಒಂದೇ ಸಲ, ಅವನಿಗೆ ಗಾಳಿ ಹಾಕ್ಬೇಡ. ಅಣ್ಣ ಮಾಡಿದ್ದು ಸರಿ ಅಂತ ಹೇಳು. ನನಗೋಸ್ಕರ ಅಲ್ಲ, ನೀನು ಹೇಳಿದ್ರೆ ಅವನು ಕೇಳ್ತಾನೆ ಅಂತ. ಭಾನುವಾರ ನಾವಿಬ್ಬರೂ ಬಸ್ಸಲ್ಲಿ ಬರ್ತೀವಿ, ನಿಜವಾದ ಬಸ್ಸಲ್ಲಿ, ಅಪ್ಪ ಮುಂದಿನ ಸೀಟಲ್ಲಿ ಕೂತು ಆ ಡ್ರೈವರಿನ ತಪ್ಪೆಲ್ಲ ಎಣಿಸ್ಕೊಂಡು ಬರ್ಲಿ. ನೀನು ಅಲ್ಲಿ...

ತಡಿ, ಕೂಗ್ತಿದಾನೆ. ಕೇಳಿಸ್ತಾ? "ಎಡಗಡೆ ನೋಡೋನು ಎಲ್ಲಿ ಹೋದ್ನೋ? ಆರು ಗಂಟೆ ಆಯ್ತು, ಬಸ್ಸು ಹೊರಡ್ಬೇಕು!" ಬಂದೆ ಅಪ್ಪಾ, ಬಂದೆ! ನಾನು ಬರೋ ತನಕ ತಿರುಗಿಸ್ಬೇಡ! ...ಇಡ್ತೀನಿ ಕಣೋ.