ಗೆರೆ ಬರದ ಶಾಫ್ಟು

ಸೆಪ್ಟೆಂಬರ್ 29, ಸೋಮವಾರ

ಬೆಳಿಗ್ಗೆಯಿಂದ ಲೇತ್ ಮುಂದೆಯೇ. ಸಂತೆಬಾಚಹಳ್ಳಿ ಅಂದಾನಯ್ಯನವರ ಆಲೆಮನೆಯ ಎರಡು ಶಾಫ್ಟು. ಕಬ್ಬು ಅರೆಯುವ ರೋಲರಿನವು, ಒಂದು ಗಾಣಕ್ಕೆ, ಒಂದು ಸ್ಪೇರಿಗೆ. ಎರಡೂ ಸವೆದು ಸೊರಗಿದ್ದವು. ವೆಲ್ಡಿಂಗ್ ತುಂಬಿಸಿ, ಕಡೆದು ಸೈಜಿಗೆ ತಂದೆ. ಈಗ ಪಕ್ಕಪಕ್ಕ ಇಟ್ಟರೆ ಯಾವುದು ಯಾವುದೋ ತಿಳಿಯದು.

ಅಂದಾನಯ್ಯನವರದು ದಿನಾ ಫೋನು. "ಒಂದ್ನಾರ ಬಿರ್‍ನೆ ಮಾಡ್ಕೊಡು ಕಣ್ಲಾ. ಹಬ್ಬ ಕಳೀತಿದ್ದಂಗೆ ಒಲೆ ಹಚ್ಬೇಕು."

ಆ ಗಾಣದ ಮುಂದೆ ನಿಂತು ಕಬ್ಬು ಕೊಡುವವನು ನನ್ನ ಹೆಂಡತಿ ಮಮತಳ ತಮ್ಮ ಸಿದ್ದರಾಜು. ಅಕ್ಕನ ಕಣ್ಣಿಗೆ ಇನ್ನೂ ಕೂಸು. ಇಪ್ಪತ್ತೆಂಟರ ಕೂಸು, ಒಂದೇ ಏಟಿಗೆ ನಾಲ್ಕು ಮುದ್ದೆ ಮುರಿಯುತ್ತದೆ.

ಸೆಪ್ಟೆಂಬರ್ 30

ಶಾಫ್ಟುಗಳನ್ನು ಡೀಸೆಲ್‌ನಲ್ಲಿ ನೆನೆಸಿ, ಒರೆಸಿ, ಸೀಮೆಸುಣ್ಣದ ಪುಡಿ ಬಳಿದು ಕಾದೆ. ಬಿರುಕಿದ್ದರೆ ಒಳಗೆ ಹೊಕ್ಕ ಡೀಸೆಲ್ ಹೊರಬಂದು ಬಿಳಿಯ ಮೇಲೆ ಗೆರೆ ಎಳೆಯುತ್ತದೆ. ಒಂದರಲ್ಲಿ ಬರಲಿಲ್ಲ. ಇನ್ನೊಂದರಲ್ಲಿ ಬಂತು... ಪುಲ್ಲಿ ಕೂರುವ ಜಾಗದಲ್ಲೇ, ಕೂದಲೆಳೆಯಷ್ಟು.

ಪಟ್ಟ ಪಾಡೆಲ್ಲ ಗುಜರಿಗೆ. ಬೈದೆ. ಯಾರನ್ನು ಅಂತ ಗೊತ್ತಿಲ್ಲ.

ಸೀಮೆಸುಣ್ಣದಲ್ಲೇ ಅದರ ಮೇಲೆ ದೊಡ್ಡ ಇಂಟು ಮಾರ್ಕು ಹಾಕಿ ಗೋಡೆಗೆ ಒರಗಿಸಿದೆ. ಅಂದಾನಯ್ಯನವರಿಗೆ ಫೋನ್ — ಒಂದು ರೆಡಿ, ತರಿಸಿಕೊಳ್ಳಿ.

ಅಕ್ಟೋಬರ್ 1, ಆಯುಧಪೂಜೆ

ಬೇರಿಂಗ್ ತರಲು ಕೆ.ಆರ್. ಪೇಟೆಗೆ ಹೋಗಿ ಬರುವಷ್ಟರಲ್ಲಿ ಮಮತ ಅಂಗಡಿಯನ್ನೇ ತೊಳೆದಿಟ್ಟಿದ್ದಳು. ಲೇತು, ವೈಸು, ಸ್ಪ್ಯಾನರು, ಗುಜರಿ ಸಮೇತ. ಎಲ್ಲಕ್ಕೂ ವಿಭೂತಿ, ಕುಂಕುಮ, ಸೇವಂತಿಗೆ. ನಾನು ಬೂದುಗುಂಬಳ ಒಡೆದದ್ದಷ್ಟೇ. ಅಂಗಡಿ ನೋಡಿ ಖುಷಿಯಾಯಿತು.

ಅಕ್ಟೋಬರ್ 2, ಸಂಜೆ

ನಾಗಮಂಗಲದಿಂದ ಈಗ ಬಂದೆ. ಅಂದಾನಯ್ಯನವರ ಟೆಂಪೋ ಬಂದಿತ್ತಂತೆ. ಮಮತಳೇ ಬೀಗ ತೆಗೆದು ಕೊಟ್ಟು ಕಳಿಸಿದ್ದಾಳೆ.

"ಯಾವ್ದ ಕೊಟ್ಟೆ?"

"ಎರಡೂ ಒಂದೇ ತರ ಇದ್ವು. ಬಾಗ್ಲತ್ರ ಇದ್ದುದ್ದ ಕೊಟ್ಟೆ."

ಒಂದೇ ತರ. ಅಂದರೆ ಇಂಟು ಮಾರ್ಕು... ತೊಳೆದಿದ್ದಾಳೆ. ಒರಗಿಸಿದ್ದ ಜಾಗವೂ ಬದಲಾಗಿದೆ.

ಅವಳಿಗೆ ಏನೂ ಹೇಳದೆ ಅಂಗಡಿಗೆ ಓಡಿದೆ. ಉಳಿದದ್ದನ್ನು ಡೀಸೆಲ್‌ಗೆ ಹಾಕಿದೆ. ಬೆಳಿಗ್ಗೆವರೆಗೆ ನೆನೆಯಲೇಬೇಕು. ಅಂದಾನಯ್ಯನವರಿಗೆ ಅಂದೆ, ಸ್ವಲ್ಪ ಅನುಮಾನ ಇದೆ, ನಾನು ಹೇಳುವವರೆಗೆ ಗಾಣ ತಿರುಗಿಸಬೇಡಿ. "ಬೆಳಿಗ್ಗೇನೆ ಪೂಜೆ ಐತೆ, ಬಿರ್‍ನೆ ನೋಡೇಳ್ಲಾ" ಅಂದರು.

ಅಕ್ಟೋಬರ್ 3, ಬೆಳಿಗ್ಗೆ

ಒರೆಸಿ ಸುಣ್ಣ ಬಳಿದೆ. ಕೂತೆ. ಈ ಕಸುಬಿಗೆ ಇಳಿದ ಮೇಲೆ ಮೊದಲ ಸಲ ಗೆರೆ ಬರಲಿ ಅಂತ ಬೇಡಿಕೊಂಡೆ. ಬರಲಿಲ್ಲ. ಮತ್ತೆ ಬಳಿದೆ. ಬೆಳ್ಳಗೆ ಹಾಗೇ ಇದೆ. ಇದು ಒಳ್ಳೆಯ ಶಾಫ್ಟು. ಕೆಟ್ಟದ್ದು ಹೋಗಿದೆ.

ಅಂದಾನಯ್ಯನವರಿಗೆ ಫೋನ್ ಮಾಡಿದೆ. "ಒಲೆ ಹಚ್ಚಾಯ್ತು ಕಣ್ಲಾ. ಮೊದಲ್ನೇ ಕೊಪ್ಪರಿಗೆ ಇಳ್ದು ದೇವ್ರಿಗೆ ಬೆಲ್ಲ ಇಡೋಗಂಟ ಗಾಣ ನಿಲ್ಸಂಗಿಲ್ಲ. ಆಮೇಲೆ ಬಿಚ್ಚಾನ ಬುಡು." ಕೂಗಾಡಿದೆ. ಕಟ್ ಮಾಡಿದರು.

ಸಿದ್ದರಾಜು ಎತ್ತುತ್ತಿಲ್ಲ. ಗಾಣದ ಮುಂದೆ ನಿಂತಾಗ ಫೋನ್ ಮುಟ್ಟಬೇಡ ಅಂತ ಬೈದಿದ್ದವನು ನಾನೇ.

ಬೈಕು ತೆಗೆಯುತ್ತೇನೆ.

ಅಕ್ಟೋಬರ್ 11

ಬರೆಯಲು ಕೈ ಬರುತ್ತಿಲ್ಲ.

ಹೋಗುವಷ್ಟರಲ್ಲಿ ಗಾಣ ನಿಂತಿತ್ತು. ಶಾಫ್ಟು ತುಂಡಾಗಿ ಪುಲ್ಲಿ ಕಿತ್ತು ಬಂದು ಹೊಡೆದಿದೆ. ಆಸ್ಪತ್ರೆಯಲ್ಲಿ ಸಿದ್ದರಾಜುವಿನ ಬಲಗಾಲನ್ನು ಮಂಡಿಯಿಂದ ಕೆಳಗೆ ತೆಗೆದರು. ಜೀವ ಇದೆ. ಎಲ್ಲರೂ ಅದನ್ನೇ ಹೇಳುತ್ತಾರೆ, ಜೀವ ಇದೆಯಲ್ಲ ಅಂತ.

ಪಂಚ್ ಹೊಡೆದು ಗುರುತು ಮಾಡಬೇಕಿತ್ತು. ಗ್ಯಾಸ್ ಕಟರ್‌ನಲ್ಲಿ ಕೊಯ್ದು ಬಿಸಾಡಬೇಕಿತ್ತು. ಸೀಮೆಸುಣ್ಣ ನಂಬಿದೆ.

ಅಕ್ಟೋಬರ್ 14

"ಪೂಜೆ ಮಾಡಿದ್ ಶಾಫ್ಟು ಅದೆಂಗೆ ಮುರೀತು?" ಮಮತ ಗೋಡೆಯನ್ನು ಕೇಳುತ್ತಾಳೆ. ಆಮೇಲೆ ನನ್ನ ಕಡೆ ತಿರುಗಿದಳು. "ಸುಣ್ಣ ಬಳ್ದು ನೋಡ್ತಿದ್ರಲ್ಲ, ಅದ್ನ ನೋಡ್ನಿಲ್ವಾ?"

ನೋಡಿದೆ ಅಂದರೆ, ಗುರುತು ಹಾಕಲಿಲ್ಲವಾ ಅನ್ನುತ್ತಾಳೆ. ಹಾಕಿದ್ದೆ ಅಂದರೆ ಒದ್ದೆ ಬಟ್ಟೆ ಹಿಡಿದ ತನ್ನ ಕೈ ಅವಳಿಗೆ ನೆನಪಾಗುತ್ತದೆ. ಆಮೇಲೆ ಅವಳು ಬದುಕುವುದಿಲ್ಲ.

"ಇಲ್ಲ" ಅಂದೆ. "ಹಬ್ಬದ ಗಡಿಬಿಡೀಲಿ ಬುಟ್ಬುಟ್ಟೆ."

ಅವಳು ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

ಅಕ್ಟೋಬರ್ 18

ತಮ್ಮನ ಆರೈಕೆಗೆ ಅಂತ ಹೊರಟಳು. ಬಟ್ಟೆಯೆಲ್ಲ ತುಂಬಿದ್ದಾಳೆ. ಯಾವಾಗ ಬರುತ್ತೀಯ ಅಂತ ಕೇಳುವ ಧೈರ್ಯ ಆಗಲಿಲ್ಲ. ಬಸ್ ಸ್ಟ್ಯಾಂಡ್‌ವರೆಗೆ ಚೀಲ ಹೊತ್ತೆ.

ಹತ್ತುವ ಮುಂಚೆ ನಿಂತಳು. "ಒಂದ್ ಮಾತು. ಬ್ಯಾರೆಯೋರ ಶಾಫ್ಟ ಯಾವತ್ತಾರ ನೋಡ್ದೆ ಕೊಟ್ಟಿದ್ರಾ?"

"ಇಲ್ಲ" ಅಂದೆ. ಅದು ಸತ್ಯ.

"ಅಂಗಾರೆ ನನ್ ತಮ್ಮುಂದ್ ಮಾತ್ರ" ಅಂದಳು. ಹತ್ತಿದಳು.

ಮನೆಗೆ ಬಂದರೆ ನನ್ನ ಪಾಲಿನ ಮುದ್ದೆ ಮುಚ್ಚಿಟ್ಟು ಹೋಗಿದ್ದಾಳೆ. ತಟ್ಟೆ ಮುಂದೆ ಕೂತಿದ್ದೇನೆ. ಫೋನು ಪಕ್ಕದಲ್ಲೇ ಇದೆ. ನೋಡಿದ್ದೆ, ಗುರುತೂ ಹಾಕಿದ್ದೆ ಅಂತ ಒಂದು ಮಾತು ಹೇಳಿಬಿಟ್ಟರೆ ನಾನು ಹಗುರ, ಅವಳು...